ಬೆಳಗಿನ ಜಾವದ ಹೊಟ್ಟೆನೋವು ಹಾವು ಕಚ್ಚಿದ್ದರಿಂದಲೂ ಬರಬಹುದು! ಫಾರ್ವರ್ಡ್ ನಂಬುವ ಮುನ್ನ ಇದನ್ನು ಓದಿ

ಮಳೆಗಾಲ ಶುರುವಾದರೆ ಸಾಕು, ಫ್ಯಾಮಿಲಿ ಗ್ರೂಪಿಗೆ ಆ ಹಳೇ ಮೆಸೇಜು ಮತ್ತೆ ಬರುತ್ತದೆ. ಹಾವು ಕಚ್ಚಿದರೆ ಗಾಬರಿ ಬೇಡ, ‘ನಾಜಾ 200’ ಎಂಬ ಹೋಮಿಯೋಪತಿ ಔಷಧಿ ಮನೆಯಲ್ಲಿಡಿ, ಹತ್ತು ಹತ್ತು ನಿಮಿಷಕ್ಕೆ ಒಂದು ಹನಿಯಂತೆ ಮೂರು ಸಲ ನಾಲಿಗೆ ಮೇಲೆ ಹಾಕಿ, ಜೀವ ಉಳಿಯುತ್ತದೆ ಎನ್ನುವ ಮೆಸೇಜು. ಕೊನೆಯಲ್ಲಿ ‘ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ’ ಎಂಬ ಮನವಿ.

ಕಳಿಸುವವರ ಮನಸ್ಸು ಒಳ್ಳೆಯದೇ. ಆದರೆ ಈ ಮೆಸೇಜನ್ನು ನಂಬಿ ಮನೆಯಲ್ಲೇ ಅರ್ಧ ಗಂಟೆ ಕೂತರೆ, ಉಳಿಯಬಹುದಾಗಿದ್ದ ಜೀವವೂ ಹೋಗಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆಯವರಿಗಂತೂ ಇದು ದೂರದ ಮಾತಲ್ಲ. ರಾಗಿ ಹೊಲ, ಹಿಪ್ಪುನೇರಳೆ ತೋಟ, ದ್ರಾಕ್ಷಿ ಚಪ್ಪರ, ದನದ ಕೊಟ್ಟಿಗೆ, ಹುಲ್ಲಿನ ಬಣವೆ ಇರುವ ಕಡೆ ಇಲಿ ಇರುತ್ತದೆ. ಇಲಿ ಇರುವ ಕಡೆ ಹಾವು ಬರುತ್ತದೆ. ತ್ರಿಫೇಸ್ ಕರೆಂಟು ರಾತ್ರಿ ಬಂದಾಗ ಮೋಟಾರ್ ಹಾಕಲು ಕತ್ತಲಲ್ಲಿ ಬದುವಿನ ಮೇಲೆ ನಡೆಯುವ ರೈತರಿಗೆ ಇದು ಚೆನ್ನಾಗಿ ಗೊತ್ತು.

ಸಮಸ್ಯೆ ಎಷ್ಟು ದೊಡ್ಡದು?

2020ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನದ ಅಂದಾಜಿನ ಪ್ರಕಾರ, 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿದ್ದಾರೆ. ಅಂದರೆ ವರ್ಷಕ್ಕೆ ಸರಾಸರಿ 58 ಸಾವಿರ. ಇವರಲ್ಲಿ ಅರ್ಧದಷ್ಟು ಜನ ಸತ್ತಿದ್ದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ. ಎಷ್ಟೋ ಜನ ಆಸ್ಪತ್ರೆ ಮುಟ್ಟುವ ಮೊದಲೇ ಸಾಯುವುದರಿಂದ ಸರ್ಕಾರಿ ಲೆಕ್ಕಕ್ಕೆ ಇವು ಸಿಗುತ್ತಿರಲಿಲ್ಲ. ಹಾಗಾಗಿಯೇ ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ‘ಅಧಿಸೂಚಿತ ಕಾಯಿಲೆ’ ಎಂದು ಘೋಷಿಸಿತು. ಅಂದರೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ಆರೋಗ್ಯ ಇಲಾಖೆಗೆ ವರದಿ ಮಾಡಬೇಕು.

ಕಚ್ಚಿದ್ದೇ ಗೊತ್ತಾಗದ ಹಾವು

ಹಾವು ಕಚ್ಚಿದರೆ ಎರಡು ಹಲ್ಲಿನ ಗುರುತು ಇರುತ್ತದೆ, ವಿಪರೀತ ಉರಿಯುತ್ತದೆ, ಊದಿಕೊಳ್ಳುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಕಟ್ಟು ಹಾವಿನ ವಿಷಯದಲ್ಲಿ ಇದು ಪೂರ್ತಿ ಸುಳ್ಳಾಗಬಹುದು.

ಹೊಳೆಯುವ ಕಪ್ಪು ಮೈ, ಅದರ ಮೇಲೆ ತೆಳ್ಳನೆಯ ಬಿಳಿ ಪಟ್ಟೆ, ಇದು ಕಟ್ಟು ಹಾವಿನ ಗುರುತು. ಹಗಲಲ್ಲಿ ಬಿಲದಲ್ಲಿ, ಇಟ್ಟಿಗೆ ರಾಶಿಯಲ್ಲಿ ಅಡಗಿರುತ್ತದೆ. ರಾತ್ರಿ ಹೊರಗೆ ಬಂದು, ನೆಲದ ಮೇಲೆ ಮಲಗಿದವರ ಹಾಸಿಗೆಗೂ ನುಗ್ಗುತ್ತದೆ. ಮಗ್ಗುಲು ಬದಲಿಸಿದಾಗ ಕಚ್ಚಿದರೆ, ಸೊಳ್ಳೆಯೋ ಇರುವೆಯೋ ಕಚ್ಚಿದಂತೆ ಅನಿಸಿ ಹಾಗೇ ನಿದ್ದೆ ಹೋಗಬಹುದು. ಗುರುತು ಕಾಣದೇ ಇರಬಹುದು, ಊತವೂ ಇರುವುದಿಲ್ಲ.

ಕೆಲವು ಗಂಟೆಗಳ ನಂತರ, ಬೆಳಗಿನ ಜಾವಕ್ಕೆ, ಹೊಟ್ಟೆನೋವು, ವಾಂತಿ ಶುರುವಾಗುತ್ತದೆ. ಮನೆಯವರು ಗ್ಯಾಸ್ಟ್ರಿಕ್ ಅಂದುಕೊಂಡು ಜೀರಿಗೆ ಕಷಾಯವೋ, ಸೋಡಾವೋ ಕೊಡುತ್ತಾರೆ. ಆಮೇಲೆ ಕಣ್ಣಿನ ರೆಪ್ಪೆ ಜೋತು ಬೀಳುತ್ತದೆ. ನಿದ್ದೆಗಣ್ಣು ಎಂದು ಬಿಡುತ್ತಾರೆ. ಇಷ್ಟರಲ್ಲಿ ಅಮೂಲ್ಯವಾದ ಸಮಯ ಕಳೆದಿರುತ್ತದೆ.

ಹಾಗಾಗಿ ಇದನ್ನು ನೆನಪಿಡಿ. ರಾತ್ರಿ ಚೆನ್ನಾಗಿ ಮಲಗಿದ್ದವರಿಗೆ, ಅದರಲ್ಲೂ ನೆಲದ ಮೇಲೆ ಮಲಗಿದ್ದವರಿಗೆ, ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು ಬಂದು ಜೊತೆಗೆ ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ತಡಮಾಡದೆ ಆಸ್ಪತ್ರೆಗೆ ಓಡಿ:

• ಕಣ್ಣಿನ ರೆಪ್ಪೆ ಎತ್ತಲು ಆಗದಿರುವುದು
• ಒಂದು ವಸ್ತು ಎರಡಾಗಿ ಕಾಣುವುದು
• ಉಗುಳು ನುಂಗಲು ಕಷ್ಟ, ಮಾತು ತೊದಲುವುದು
• ಕತ್ತು ನಿಲ್ಲದೆ ವಾಲುವುದು
• ಉಸಿರಾಡಲು ಕಷ್ಟವಾಗುವುದು

ಡಾಕ್ಟರಿಗೆ ‘ರಾತ್ರಿ ನೆಲದ ಮೇಲೆ ಮಲಗಿದ್ದರು’ ಎಂದು ಮರೆಯದೆ ಹೇಳಿ. ಈ ಒಂದು ಮಾತು ಅವರಿಗೆ ದೊಡ್ಡ ಸುಳಿವು.

ಇನ್ನೊಂದು ಮುಖ್ಯ ಸಂಗತಿ. ಕಟ್ಟು ಹಾವಿನ ವಿಷ ತೀವ್ರವಾಗಿ ಏರಿದವರು ಕಣ್ಣು ತೆರೆಯದೆ, ಕೈಕಾಲು ಆಡಿಸದೆ ಸತ್ತವರಂತೆ ಬಿದ್ದಿರಬಹುದು. ಅವರ ಸ್ನಾಯುಗಳು ಸೋತಿರುತ್ತವೆ, ಅಷ್ಟೇ. ಒಳಗೆ ಪ್ರಜ್ಞೆ ಇರಬಹುದು, ನಿಮ್ಮ ಮಾತು ಕೇಳುತ್ತಲೂ ಇರಬಹುದು. ವೆಂಟಿಲೇಟರ್‌ನಿಂದ ಉಸಿರು ಕೊಟ್ಟರೆ ಇಂಥವರು ಕೆಲವು ದಿನಗಳಲ್ಲಿ ಪೂರ್ತಿ ಚೇತರಿಸಿಕೊಳ್ಳಬಲ್ಲರು. ಆದ್ದರಿಂದ ಮನೆಯಲ್ಲಿ ಯಾರೂ ‘ಮುಗಿದೇಹೋಯ್ತು’ ಎಂದು ತೀರ್ಮಾನಿಸಬೇಡಿ.

ಉಳಿದ ಮೂರು ಹಾವುಗಳು

ನಮ್ಮಲ್ಲಿ ಹೆಚ್ಚು ಜೀವ ತೆಗೆಯುವುದು ನಾಲ್ಕು ಹಾವುಗಳು. ಕಟ್ಟು ಹಾವು ಬಿಟ್ಟರೆ ಉಳಿದವು ಇವು.

ಕೊಳಕುಮಂಡಲ: ಕುಕ್ಕರ್ ಶಿಳ್ಳೆಯಂತೆ ಜೋರಾಗಿ ಬುಸುಗುಡುವ ದಪ್ಪ ಹಾವು. ಹುಲ್ಲಿನಲ್ಲಿ, ಬೆಳೆಯ ಮಧ್ಯೆ ಮಲಗಿದ್ದರೆ ಕಾಣುವುದೇ ಇಲ್ಲ. ಕಚ್ಚಿದ ಜಾಗ ವಿಪರೀತ ನೋವು, ಊತ. ಇದರ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಹಾಳುಮಾಡುತ್ತದೆ. ಒಸಡಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಬಹುದು. ಕಿಡ್ನಿಯೂ ಕೆಡಬಹುದು.

ನಾಗರಹಾವು: ಹೆಡೆ ಎಲ್ಲರಿಗೂ ಗೊತ್ತು. ಕಚ್ಚಿದ ಜಾಗದಲ್ಲಿ ನೋವು, ಊತ. ಜೊತೆಗೆ ರೆಪ್ಪೆ ಬೀಳುವುದು, ಉಸಿರು ಕಟ್ಟುವುದು. ಕೆಲವೊಮ್ಮೆ ಅರ್ಧ ಗಂಟೆಯೊಳಗೇ ಶುರುವಾಗುತ್ತದೆ.

ಗರಗಸ ಮಂಡಲ: ಒಣ, ಕಲ್ಲುಭೂಮಿಯಲ್ಲಿ ಇರುವ ಚಿಕ್ಕ ಹಾವು. ಇದರ ವಿಷವೂ ರಕ್ತಸ್ರಾವ ಮಾಡಿಸುತ್ತದೆ.

ಹಾಗಾದರೆ ನಾಟಿ ಔಷಧಿಯಿಂದ ಬದುಕಿದವರು ಇದ್ದಾರಲ್ಲ?

ಇದು ನ್ಯಾಯವಾದ ಪ್ರಶ್ನೆ. ಪ್ರತಿ ಊರಲ್ಲೂ ‘ಹಾವಿನಕಲ್ಲು ಇಟ್ಟರು, ಬದುಕಿದ’, ‘ಮಂತ್ರ ಹಾಕಿಸಿದರು, ವಿಷ ಇಳಿಯಿತು’ ಎನ್ನುವ ಕಥೆ ಇರುತ್ತದೆ. ಕಥೆ ಸುಳ್ಳಲ್ಲ. ಬದುಕಿದ್ದು ನಿಜ. ಆದರೆ ಬದುಕಿದ ಕಾರಣ ಬೇರೆ.

ಭಾರತದಲ್ಲಿ 300ಕ್ಕೂ ಹೆಚ್ಚು ಜಾತಿಯ ಹಾವುಗಳಿವೆ. ಅವುಗಳಲ್ಲಿ ಬಹುಪಾಲು ವಿಷವಿಲ್ಲದವು. ಕೇರೆ ಹಾವು, ನೀರು ಹಾವು, ತೋಳ ಹಾವು ಕಚ್ಚಿದರೆ ಜೀವಕ್ಕೆ ಅಪಾಯವಿಲ್ಲ. ಇನ್ನು ವಿಷದ ಹಾವೂ ಪ್ರತಿ ಸಲ ವಿಷ ಬಿಡುವುದಿಲ್ಲ, ಕೆಲವೊಮ್ಮೆ ಬರೀ ಹೆದರಿಸಲು ಕಚ್ಚುತ್ತದೆ. ಉದಾಹರಣೆಗೆ, ಹತ್ತು ಜನರಿಗೆ ಹಾವು ಕಚ್ಚಿ, ಅದರಲ್ಲಿ ಏಳು ಜನರ ಮೈಗೆ ವಿಷವೇ ಸೇರಿಲ್ಲ ಅಂದುಕೊಳ್ಳಿ. ಆ ಏಳು ಜನಕ್ಕೆ ಕಲ್ಲು ಇಟ್ಟರೂ, ಸೊಪ್ಪು ಅರೆದು ಹಚ್ಚಿದರೂ, ಹನಿ ಹಾಕಿದರೂ, ಏನೂ ಮಾಡದೇ ಇದ್ದರೂ ಬದುಕುತ್ತಾರೆ. ಬದುಕಿದವರ ಕಥೆ ಊರೆಲ್ಲ ಹರಡುತ್ತದೆ. ಉಳಿದ ಮೂವರ ಬಗ್ಗೆ ‘ಅವರ ಆಯಸ್ಸು ಅಷ್ಟೇ ಇತ್ತು’ ಎಂದು ಸುಮ್ಮನಾಗುತ್ತೇವೆ.

ನಾಜಾ ಹನಿಯ ಫಾರ್ವರ್ಡ್ ಓಡುತ್ತಿರುವುದೂ ಇದೇ ಲೆಕ್ಕದ ಮೇಲೆ. ಮೈಗೆ ಸೇರಿದ ಹಾವಿನ ವಿಷವನ್ನು ಅದು ಇಳಿಸುತ್ತದೆ ಎಂಬುದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ.

ಬೇವಿನ ಸೊಪ್ಪು ಅಥವಾ ಮೆಣಸಿನಕಾಯಿ ತಿನ್ನಿಸಿ ‘ರುಚಿ ಗೊತ್ತಾಯ್ತಾ?’ ಎಂದು ಕೇಳುವ ಪರೀಕ್ಷೆಯೂ ಅಷ್ಟೇ. ಕಹಿ, ಖಾರ ಗೊತ್ತಾದ ಮಾತ್ರಕ್ಕೆ ವಿಷ ಏರಿಲ್ಲ ಎಂದಲ್ಲ.

ಇವು ಮಾಡಲೇಬೇಡಿ

ಬಿಗಿಯಾಗಿ ಕಟ್ಟಬೇಡಿ. ಹಗ್ಗ, ಟವೆಲ್ ಬಿಗಿದರೆ ರಕ್ತಸಂಚಾರ ನಿಂತು ಕೈ ಅಥವಾ ಕಾಲೇ ಕೊಳೆಯಬಹುದು. ಆಗಲೇ ಯಾರಾದರೂ ಬಿಗಿದಿದ್ದರೆ ದಾರಿಯಲ್ಲಿ ಒಮ್ಮೆಲೇ ಬಿಚ್ಚಬೇಡಿ. ಡಾಕ್ಟರ ಮುಂದೆ ಬಿಚ್ಚುವುದು ಸುರಕ್ಷಿತ.

ಬ್ಲೇಡಿನಿಂದ ಕೊಯ್ಯಬೇಡಿ. ಮಂಡಲದ ಹಾವು ಕಚ್ಚಿದ್ದರೆ ರಕ್ತ ಹೆಪ್ಪುಗಟ್ಟುವುದೇ ಇಲ್ಲ. ಕೊಯ್ದ ಗಾಯವೇ ಪ್ರಾಣಕ್ಕೆ ಕುತ್ತು.

ಬಾಯಿಂದ ಹೀರಬೇಡಿ. ಸಿನಿಮಾದಲ್ಲಿ ಹೀರೋ ಹೀರಿ ಉಗಿಯುತ್ತಾನೆ. ನಿಜದಲ್ಲಿ ವಿಷ ಚರ್ಮದ ಒಳಗೆ ಹರಡಿ ಹೋಗಿರುತ್ತದೆ. ಇದಕ್ಕೆಂದೇ ತಯಾರಿಸಿದ ಪಂಪಿನಿಂದ ಎಳೆದು ನೋಡಿದ ಪ್ರಯೋಗದಲ್ಲೂ ಹೊರಬಂದಿದ್ದು ಲೆಕ್ಕಕ್ಕೆ ಬಾರದಷ್ಟು.

ಹಾವನ್ನು ಹಿಡಿದು ತರಬೇಡಿ. ಹಿಡಿಯಲು ಹೋದವರಿಗೂ ಕಚ್ಚುತ್ತದೆ. ದೂರದಿಂದ ಮೊಬೈಲಿನಲ್ಲಿ ಒಂದು ಫೋಟೋ ಸಿಕ್ಕರೆ ಒಳ್ಳೆಯದು, ಸಿಗದಿದ್ದರೂ ಚಿಕಿತ್ಸೆಗೆ ತೊಂದರೆಯಿಲ್ಲ. ಯಾಕೆಂದರೆ ನಮ್ಮಲ್ಲಿ ಕೊಡುವ ಔಷಧಿ ಮೇಲಿನ ನಾಲ್ಕೂ ಹಾವುಗಳ ವಿಷಕ್ಕೆ ಒಂದೇ.

ಹಾಗಾದರೆ ಏನು ಮಾಡಬೇಕು?

1. ಹಾವಿನಿಂದ ದೂರ ಸರಿಯಿರಿ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ. ಓಡಲು, ನಡೆಯಲು ಬಿಡಬೇಡಿ. ಸ್ನಾಯು ಆಡಿದಷ್ಟೂ ವಿಷ ಬೇಗ ಹರಡುತ್ತದೆ.

2. ಉಂಗುರ, ಬಳೆ, ಕಾಲುಂಗುರ, ಗಡಿಯಾರ ತೆಗೆಯಿರಿ. ಊದಿಕೊಂಡ ಮೇಲೆ ತೆಗೆಯಲಾಗುವುದಿಲ್ಲ.

3. ಕಚ್ಚಿದ ಕೈ ಅಥವಾ ಕಾಲಿಗೆ ಕೋಲೋ ರಟ್ಟೋ ಇಟ್ಟು, ಮೂಳೆ ಮುರಿದಾಗ ಮಾಡುವಂತೆ, ಸಡಿಲವಾಗಿ ಬಟ್ಟೆ ಸುತ್ತಿ ಅಲುಗಾಡದಂತೆ ಮಾಡಿ.

4. 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುತ್ತದೆ ಅನಿಸಿದರೆ ಸಿಕ್ಕ ಗಾಡಿಯಲ್ಲಿ ಹೊರಡಿ. ಬೈಕ್ ಮಾತ್ರ ಇದ್ದರೆ ಓಡಿಸುವವರು ಮುಂದೆ, ಹಿಡಿದುಕೊಳ್ಳುವವರು ಹಿಂದೆ, ಕಚ್ಚಿಸಿಕೊಂಡವರು ಮಧ್ಯೆ.

5. ಊಟ, ಮದ್ಯ, ನೋವಿನ ಮಾತ್ರೆ ಕೊಡಬೇಡಿ. ವಾಂತಿ ಆಗುತ್ತಿದ್ದರೆ ಎಡಮಗ್ಗುಲಿಗೆ ಮಲಗಿಸಿ.

6. ಕಚ್ಚಿದ ಸಮಯ, ಆಮೇಲೆ ಯಾವ ಲಕ್ಷಣ ಎಷ್ಟು ಹೊತ್ತಿಗೆ ಕಂಡಿತು ಎಂಬುದನ್ನು ಮೊಬೈಲಿನಲ್ಲಿ ಬರೆದುಕೊಂಡು ಡಾಕ್ಟರಿಗೆ ತೋರಿಸಿ.

ಎಲ್ಲಿಗೆ ಹೋಗಬೇಕು? ಜಿಲ್ಲೆಯ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ದೊಡ್ಡ ಆಸ್ಪತ್ರೆಯೇ ಬೇಕೆಂದು ಬೆಂಗಳೂರಿನ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ. ವೆಂಟಿಲೇಟರ್, ಡಯಾಲಿಸಿಸ್ ಬೇಕಾದರೆ ಅವರೇ ಮುಂದಕ್ಕೆ ಕಳಿಸುತ್ತಾರೆ. ಇವತ್ತೇ ಒಂದು ಕೆಲಸ ಮಾಡಿ: ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಇಂಜೆಕ್ಷನ್ ರಾತ್ರಿಯೂ ಸಿಗುತ್ತದೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿದುಕೊಳ್ಳಿ.

ಆಸ್ಪತ್ರೆಯಲ್ಲಿ ಏನಾಗುತ್ತದೆ?

‘ಹಾವು ಕಚ್ಚಿದೆ ಅಂದರೂ ಇಂಜೆಕ್ಷನ್ ಕೊಡದೆ ಸುಮ್ಮನೆ ಕೂರಿಸಿದರು’ ಎಂದು ಎಷ್ಟೋ ಕಡೆ ಜಗಳವಾಗುತ್ತದೆ. ಆದರೆ ಅವರು ಸುಮ್ಮನೆ ಕೂತಿರುವುದಿಲ್ಲ. ಸ್ವಲ್ಪ ರಕ್ತವನ್ನು ಗಾಜಿನ ಟ್ಯೂಬಿಗೆ ಹಾಕಿ 20 ನಿಮಿಷ ಅಲುಗಾಡಿಸದೆ ಇಡುತ್ತಾರೆ. ಹೆಪ್ಪುಗಟ್ಟದಿದ್ದರೆ ಮಂಡಲದ ವಿಷ ಏರಿದೆ ಎಂದರ್ಥ. ರೆಪ್ಪೆ, ಉಸಿರು, ಊತ ಗಮನಿಸುತ್ತಾರೆ. ವಿಷ ಏರಿದ ಲಕ್ಷಣ ಇದ್ದರೆ ಮಾತ್ರ ಔಷಧಿ ಶುರು ಮಾಡುತ್ತಾರೆ. ಲಕ್ಷಣ ಇಲ್ಲದಿದ್ದರೂ 24 ಗಂಟೆ ಇರಿಸಿಕೊಳ್ಳುತ್ತಾರೆ. ‘ಏನೂ ಆಗಿಲ್ಲ’ ಎಂದು ಮಧ್ಯದಲ್ಲಿ ಎದ್ದು ಮನೆಗೆ ಬರಬೇಡಿ.

ಆ ಔಷಧಿಯ ಹೆಸರು ಎಎಸ್‌ವಿ, ಅಂದರೆ ಹಾವಿನ ವಿಷದ ಪ್ರತಿವಿಷ. ನಾಲ್ಕು ಹಾವುಗಳ ವಿಷವನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸಿ ಇದನ್ನು ತಯಾರಿಸುತ್ತಾರೆ. ಇದಕ್ಕೆ ಬೇಕಾದ ವಿಷವನ್ನು ಹೆಚ್ಚಾಗಿ ಒದಗಿಸುತ್ತಿರುವುದು ಚೆನ್ನೈ ಹತ್ತಿರದ ಇರುಳ ಸಮುದಾಯದ ಹಾವು ಹಿಡಿಯುವವರ ಸಹಕಾರ ಸಂಘ. ಕೆಲವರಿಗೆ ಎಎಸ್‌ವಿಯಿಂದ ತೀವ್ರ ಅಲರ್ಜಿ ಆಗುವುದರಿಂದ ಡಾಕ್ಟರ ನಿಗಾದಲ್ಲೇ ಕೊಡಬೇಕು. ಸಾಮಾನ್ಯವಾಗಿ 8ರಿಂದ 10 ವಯಲ್‌ಗಳಿಂದ ಶುರು ಮಾಡುತ್ತಾರೆ. ಚಿಕ್ಕ ಮಕ್ಕಳಿಗೂ ಅಷ್ಟೇ ಪ್ರಮಾಣ. ಯಾಕೆಂದರೆ ಹಾವು ಮಕ್ಕಳಿಗೆ ಎಂದು ಕಡಿಮೆ ವಿಷ ಬಿಡುವುದಿಲ್ಲವಲ್ಲ!

ಇನ್ನು ಬೇಗ ಹೋಗಬೇಕು ಎನ್ನುವುದು ಯಾಕೆ? ಎಎಸ್‌ವಿ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿದು ಕಟ್ಟಿಹಾಕುತ್ತದೆ. ಆಗಲೇ ನರದ ತುದಿಗೆ ಅಂಟಿ ಹಾನಿ ಮಾಡಿಬಿಟ್ಟ ಕಟ್ಟು ಹಾವಿನ ವಿಷವನ್ನು ಅದು ಬಿಡಿಸಲಾರದು. ಬೆಳಗಿನ ಜಾವದ ಹೊಟ್ಟೆನೋವನ್ನು ಗ್ಯಾಸ್ಟ್ರಿಕ್ ಎಂದು ಕಾದರೆ ಆಗುವ ನಷ್ಟ ಇದೇ.

ಕಚ್ಚದಂತೆ ನೋಡಿಕೊಳ್ಳುವುದು

ಮಂಚದ ಮೇಲೆ ಮಲಗಿ. ನೆಲದ ಮೇಲೆ ಮಲಗುವುದಾದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಸೊಳ್ಳೆಗೂ ಆಯಿತು, ಹಾವಿಗೂ ಆಯಿತು. ರಾತ್ರಿ ಹೊಲಕ್ಕೆ, ಬಯಲಿಗೆ ಹೋಗುವಾಗ ಟಾರ್ಚ್, ಬೂಟು ಇರಲಿ. ಬಣವೆಯಿಂದ ಹುಲ್ಲು ಹಿರಿಯುವ ಮುಂಚೆ, ಸೌದೆ ಎತ್ತುವ ಮುಂಚೆ ಕೋಲಿನಿಂದ ಒಮ್ಮೆ ತಟ್ಟಿ. ಮನೆ ಪಕ್ಕ ಇಟ್ಟಿಗೆ, ಕಸದ ರಾಶಿ ಬೇಡ.

ಕೊನೆಯದಾಗಿ ಒಂದು ಮಾತು. ಘಾಟಿ ಸುಬ್ರಹ್ಮಣ್ಯ ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲೇ ಇದೆ. ಅಲ್ಲಿ ಸಾಲುಸಾಲಾಗಿ ನಿಂತ ನಾಗರಕಲ್ಲುಗಳಿಗೆ ನಮ್ಮ ಹಿರಿಯರು ಹಾಲೆರೆದಿದ್ದಾರೆ, ನಾವೂ ಎರೆಯುತ್ತೇವೆ. ಆ ಭಕ್ತಿಗೂ ಆಸ್ಪತ್ರೆಗೂ ಜಗಳವಿಲ್ಲ. ಹರಕೆಯನ್ನು ಮನಸ್ಸಿನಲ್ಲೇ ಹೊತ್ತು ಗಾಡಿ ಹತ್ತಿ. ಗುಣವಾಗಿ ಬಂದ ಮೇಲೆ ಕುಟುಂಬ ಸಮೇತ ಹೋಗಿ ತೀರಿಸಬಹುದು.

ನಾಜಾ ಹನಿಯ ಮೆಸೇಜು ನಿಮ್ಮ ಗ್ರೂಪಿಗೆ ಮತ್ತೆ ಬಂದರೆ ಬೈಯುವುದು ಬೇಡ. ಅದರ ಕೆಳಗೆ ಇದಿಷ್ಟು ಹಾಕಿ: ‘ಕಟ್ಟಬೇಡಿ, ಕೊಯ್ಯಬೇಡಿ, ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.’