ಮುಟ್ಟದೆ ಬಿಟ್ಟ ಕಾಡು ಹೇಳುವ ಪಾಠ

ಅಮೆರಿಕದ ನ್ಯೂಜೆರ್ಸಿ ಎಂದರೆ ಯಾರಿಗೂ ಕಾಡು ನೆನಪಾಗುವುದಿಲ್ಲ. ನ್ಯೂಯಾರ್ಕ್, ಫಿಲಡೆಲ್ಫಿಯಾಗಳ ನಡುವೆ ಸಿಕ್ಕಿಕೊಂಡ, ಹೆದ್ದಾರಿಗಳ, ಬಡಾವಣೆಗಳ ರಾಜ್ಯ ಅದು. ಅಲ್ಲಿಯೇ, ಈಸ್ಟ್ ಮಿಲ್‌ಸ್ಟೋನ್ ಎಂಬ ಊರಿನ ಬಳಿ, ಎಂದೂ ಕೊಡಲಿ ಬೀಳದ ಸುಮಾರು 65 ಎಕರೆ ಓಕ್ ಕಾಡು ಉಳಿದುಕೊಂಡಿದೆ.

1701ರಿಂದ ಡಚ್ ಮೂಲದ ರೈತ ವಂಶವೊಂದರ ಕೈಯಲ್ಲಿದ್ದ ಈ ಕಾಡು 1955ರಲ್ಲಿ ರಟ್ಗರ್ಸ್ ವಿಶ್ವವಿದ್ಯಾಲಯಕ್ಕೆ ಸೇರಿತು. ಖರೀದಿಗೆ ನೆರವಾದವರು ಯಾರು ಗೊತ್ತೆ? ಬಡಗಿಗಳ ಸಂಘ! ಅದರ ನಾಯಕ ವಿಲಿಯಂ ಹಚೆಸನ್ ಹೆಸರನ್ನೇ ಕಾಡಿಗೆ ಇಡಲಾಯಿತು. ಇಲ್ಲಿನ ನಿಯಮ ಒಂದೇ: ಮನುಷ್ಯ ಕೈಹಾಕಬಾರದು. ಬಿದ್ದ ಮರ ಬಿದ್ದಲ್ಲೇ ಕೊಳೆಯಬೇಕು. ವಿದ್ಯಾರ್ಥಿಗಳು, ಆಸಕ್ತರು ಮಾರ್ಗದರ್ಶಕರೊಂದಿಗೆ ನಡೆದು ನೋಡಬಹುದು, ಅಷ್ಟೆ. ಪಕ್ಕದ 10 ಹೊಲಗಳಲ್ಲಿ ಉಳುಮೆ ನಿಲ್ಲಿಸಿ, ಪ್ರತಿಯೊಂದರಲ್ಲೂ 48 ತುಣುಕುಗಳನ್ನು ಗುರುತಿಸಿ, ಪಾಳು ನೆಲ ಕಾಡಾಗುವ ಬಗೆಯನ್ನು 1958ರಿಂದ ದಾಖಲಿಸುತ್ತ ಬಂದಿದ್ದಾರೆ.

ಆದರೆ 'ಮನುಷ್ಯ ಮುಟ್ಟದ ಕಾಡು' ಎಂಬ ಮಾತು ನಿಜವೆ? 1950ರ ಬಿರುಗಾಳಿಗೆ ಉರುಳಿದ ಹಳೆಯ ಓಕ್ ಮರವೊಂದು ಬೇರೆಯದೇ ಕಥೆ ಹೇಳಿತು. ಅದರ ಬಳೆಗಳಲ್ಲಿ 1641ರಿಂದ 1711ರವರೆಗೆ ಸರಾಸರಿ ಹತ್ತು ವರ್ಷಕ್ಕೊಮ್ಮೆ ಬೆಂಕಿ ತಗುಲಿದ ಗಾಯಗಳಿದ್ದವು. ನಂತರ ಒಂದೂ ಇಲ್ಲ. ಸಸ್ಯವಿಜ್ಞಾನಿ ಮರ್ರೆ ಬ್ಯೂಲ್ ಮತ್ತು ಸಂಗಡಿಗರ ಪ್ರಕಾರ ಆ ಬೆಂಕಿ ಹಾಕಿದವರು ಅಲ್ಲಿನ ಮೂಲನಿವಾಸಿಗಳು. ಪೊದೆ ಸುಟ್ಟರೆ ಬೇಟೆ, ಓಡಾಟ ಎರಡೂ ಸುಲಭ.

ದಪ್ಪ ತೊಗಟೆಯ ಓಕ್ ಸಣ್ಣ ಬೆಂಕಿಯನ್ನು ತಾಳಿಕೊಳ್ಳುತ್ತದೆ. ಅದರ ಸಸಿಗೆ ಬೆಳಕು ಬೇಕು. ಬೆಂಕಿ ನಿಂತಾಗ ನೆರಳಲ್ಲೂ ಬೆಳೆಯುವ ಮೇಪಲ್‌ನಂಥ ಮರಗಳು ಮೇಲುಗೈ ಪಡೆದವು. ಸುತ್ತ ಬಡಾವಣೆ ಬೆಳೆದಂತೆ ಜಿಂಕೆಗಳು ಹೆಚ್ಚಿ ಸಸಿಗಳನ್ನು ಮೇಯ್ದವು. ಹೊರನಾಡಿನ ಕಳೆಗಳು ನುಗ್ಗಿದವು. ಮುದಿ ಓಕ್‌ಗಳು ಬೀಳುತ್ತಿವೆ, ಅವುಗಳ ಜಾಗ ತುಂಬಲು ಮರಿಗಳೇ ಸಾಲದು.

ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇಂಥದೇ ಮಾತು ಕೇಳಿಬರುತ್ತದೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಸೋಲಿಗರ 'ತರಗು ಬೆಂಕಿ'ಗೆ ನಿಷೇಧ ಬಿತ್ತು. ಒಣ ತರಗೆಲೆಯನ್ನು ಹದವಾಗಿ ಸುಡುವ ಈ ಪದ್ಧತಿ ನಿಂತದ್ದರಿಂದಲೇ ಲಂಟಾನ ಕಾಡನ್ನು ಆವರಿಸಿತು ಎನ್ನುತ್ತಾರೆ ಸೋಲಿಗರು.

ಬೆಂಕಿಯೆಲ್ಲ ಒಳ್ಳೆಯದೆಂದು ಇದರ ಅರ್ಥವಲ್ಲ. ಬೇಲಿ ಹಾಕಿ ದೂರ ನಿಲ್ಲುವುದೂ ಕಾಡಿನ ವಿಷಯದಲ್ಲಿ ನಾವು ಕೈಗೊಂಡ ಒಂದು ತೀರ್ಮಾನವೇ, ಅದಕ್ಕೂ ಫಲವುಂಟು. ಆ ಫಲವೇನೆಂದು ಅರಿಯಲು ನೂರಾರು ವರ್ಷ ಬೇಕಾಗಬಹುದು. ಅಷ್ಟು ದೀರ್ಘ ಲೆಕ್ಕ ಇಡುವುದಕ್ಕಾದರೂ ಇಂಥ 65 ಎಕರೆ ಉಳಿದಿರಬೇಕು.