ಮೊದಲ ದಿನ ಓಡಿದರು, ಮೂರನೇ ದಿನ ನಾಪತ್ತೆ!

ಮೈಸೂರು: ಬೆಳಗಿನ ಐದೂಮುಕ್ಕಾಲು. ಮಹಾರಾಜ ಕಾಲೇಜು ಮೈದಾನದಲ್ಲಿ ಮಂಜು ಇನ್ನೂ ಕರಗಿಲ್ಲ. ಮಂಕಿ ಟೋಪಿಯ ಹಿರಿಯರು, ಸೀರೆಗೆ ಕ್ಯಾನ್ವಾಸ್ ಶೂ ಹಾಕಿದ ತಾಯಂದಿರು, ಪೊಲೀಸ್ ಕೆಲಸದ ಕನಸು ಹೊತ್ತ ಹುಡುಗರು ಎಲ್ಲರೂ ಸುತ್ತು ಹಾಕುತ್ತಿದ್ದಾರೆ. ಇವರ ಮಧ್ಯೆ ಸಂತೆಪೇಟೆಯ ಪಾತ್ರೆ ಅಂಗಡಿ ಯಜಮಾನರೊಬ್ಬರು ಒಂದು ನಿಮಿಷ ಓಡುತ್ತಾರೆ, ಒಂದೂವರೆ ನಿಮಿಷ ನಡೆಯುತ್ತಾರೆ. ಗಡಿಯಾರ ನೋಡಿಕೊಂಡು ಮತ್ತೆ ಓಟ, ಮತ್ತೆ ನಡಿಗೆ.

"ಏನ್ ಯಜಮಾನ್ರೇ, ಕೆಟ್ಟೋದ್ ಸ್ಕೂಟರ್ ಥರ ನಿಂತು ನಿಂತು ಹೋಗ್ತೀರಲ್ಲಾ!" ಎಂದು ಹುಡುಗನೊಬ್ಬ ಕೂಗಿದ. ಯಜಮಾನರು ಉತ್ತರ ಕೊಡಲಿಲ್ಲ. ಕೊಡಲು ಉಸಿರಿರಲಿಲ್ಲ ಎಂದಲ್ಲ. ಲೆಕ್ಕ ತಪ್ಪುತ್ತದೆ ಎಂದು.

ಇವರ ಕತೆ ಶುರುವಾಗುವುದು ಗಲ್ಲಾಪೆಟ್ಟಿಗೆ ಹಿಂದೆ. ವಯಸ್ಸು 48. ಬೆಳಿಗ್ಗೆ ಒಂಬತ್ತೂವರೆಗೆ ಕೂತರೆ ರಾತ್ರಿ ಒಂಬತ್ತಕ್ಕೆ ಏಳುವುದು. ಮಧ್ಯೆ ಐದಾರು ಕಾಫಿ, ಬಂದವರಿಗೆ ಕೊಟ್ಟಾಗ ತಾವೂ ಒಂದು. ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಬಂತು. ಡಾಕ್ಟರು "ಮೈ ಬಗ್ಗಿಸಿ ಏನಾದ್ರೂ ಮಾಡಿ" ಎಂದರು. ಸರಿ, ಶೂ ಬಂತು, ಟ್ರ್ಯಾಕ್ ಪ್ಯಾಂಟೂ ಬಂತು. ಮೊದಲ ದಿನವೇ ಕಾಲೇಜು ದಿನಗಳ ನೆನಪಲ್ಲಿ ಮೈದಾನಕ್ಕೆ ಒಂದು ಸುತ್ತು ಬಿರುಸಾಗಿ ಓಡಿದರು. ಎರಡನೇ ಸುತ್ತಿನಲ್ಲಿ ಕಣ್ಣಿಗೆ ಕತ್ತಲೆ. ಎರಡನೇ ದಿನ ಮೀನಖಂಡ ಕಲ್ಲಿನಂತೆ ಬಿಗಿದುಕೊಂಡಿತು. ಮೂರನೇ ದಿನ ಮೈದಾನದಲ್ಲಿ ಯಜಮಾನರಿಲ್ಲ. ಶೂ ಅಟ್ಟಕ್ಕೆ ಹೋಯಿತು.

"ನಮ್ಮನೆಯವ್ರು ಒಂದು ವಾರ ಮೆಟ್ಲು ಹತ್ತಕ್ಕೂ ಕೂಗಾಡ್ತಿದ್ರು. ಮೂರು ಸಾವಿರದ ಶೂ ಅಟ್ಟದ ಮೇಲೆ ಧೂಳು ತಿಂತಿತ್ತು" ಎನ್ನುತ್ತಾರೆ ಅವರ ಶ್ರೀಮತಿ.

ಓಟ ಶುರುಮಾಡುವ ಹತ್ತರಲ್ಲಿ ಎಂಟು ಮಂದಿಯ ಹಾಡು ಇದೇ ಎಂದು ಮೈದಾನದ ಹಳಬರು ನಗುತ್ತಾರೆ. ಎಂಟೋ ಏಳೋ, ಎಣಿಸಿದವರಾರು! ಆದರೆ ತಪ್ಪು ಮಾತ್ರ ಎಲ್ಲರದ್ದೂ ಒಂದೇ. ಸೋಮಾರಿತನ ಅಲ್ಲ, ಅವಸರ.

*ಎಂಟು ಮೂಟೆ ಅಕ್ಕಿ*

ಶೂಗಳನ್ನು ಅಟ್ಟದಿಂದ ಇಳಿಸಿದ್ದು ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು. ಹಳೇ ಗಿರಾಕಿ. ಕುಕ್ಕರ್ ಗ್ಯಾಸ್ಕೆಟ್ ಕೊಳ್ಳಲು ಬಂದವರು ವಿಷಯ ಕೇಳಿ, ಅಲ್ಲೇ ಬಿಲ್ಲಿನ ಹಿಂಬದಿಯಲ್ಲಿ ಲೆಕ್ಕ ಬರೆದರು.

ನಡೆಯುವಾಗ ಒಂದು ಕಾಲಾದರೂ ನೆಲದ ಮೇಲಿರುತ್ತದೆ. ಓಡುವಾಗ ಎರಡೂ ಗಾಳಿಯಲ್ಲಿ. ಇಳಿದಾಗ ಒಂದು ಕಾಲಿನ ಮೇಲೆ ಬೀಳುವ ಭಾರ ಮೈತೂಕದ ಎರಡರಿಂದ ಮೂರು ಪಟ್ಟು. ಯಜಮಾನರ ತೂಕ 80 ಕಿಲೋ. ಎರಡೂವರೆ ಪಟ್ಟು ಅಂದರೆ 200 ಕಿಲೋ, 25 ಕಿಲೋದ ಎಂಟು ಮೂಟೆ ಅಕ್ಕಿ. ಪ್ರತಿ ಹೆಜ್ಜೆಗೂ!

"ಉಸಿರು ಬೇಗ ಪಳಗ್ತದೆ, ನಾಲ್ಕೈದು ವಾರ ಸಾಕು. ಮೂಳೆ, ಸ್ನಾಯುಬಂಧ ಇವೆಲ್ಲ ಗಟ್ಟಿಯಾಗಕ್ಕೆ ತಿಂಗಳುಗಟ್ಟಲೆ ಬೇಕು. ಎದೆ ಹೂಂ ಅಂತದೆ, ಕಾಲು ಉಹೂಂ ಅಂತದೆ. ನೀವು ಕಾಲಿನ ಮಾತು ಕೇಳ್ಬೇಕು" ಎಂದರು ಮೇಷ್ಟ್ರು.

ಅವರು ಬರೆದುಕೊಟ್ಟ ಕ್ರಮ ಅವರ ಸ್ವಂತದ್ದೇನಲ್ಲ. 1996ರಲ್ಲಿ ಅಮೆರಿಕದ ಜಾಶ್ ಕ್ಲಾರ್ಕ್ ಎಂಬ ಯುವಕ, ಐವತ್ತು ದಾಟಿದ ತನ್ನ ತಾಯಿಯನ್ನು ಸೋಫಾದಿಂದ ಎಬ್ಬಿಸಲು ಮಾಡಿದ ಒಂಬತ್ತು ವಾರದ ಪಟ್ಟಿ. ಈಗ ಜಗತ್ತೆಲ್ಲ ಓಡಾಡುತ್ತಿದೆ. ವಾರಕ್ಕೆ ಮೂರೇ ದಿನ. ಒಂದು ದಿನ ಓಡಿದರೆ ಮರುದಿನ ಬಿಡುವು. ಮೊದಲು ಐದು ನಿಮಿಷ ಚುರುಕು ನಡಿಗೆ. ಆಮೇಲೆ 60 ಸೆಕೆಂಡ್ ಓಟ, 90 ಸೆಕೆಂಡ್ ನಡಿಗೆ. ಹೀಗೆ ಎಂಟು ಸಲ, ಒಟ್ಟು 20 ನಿಮಿಷ. ವಾರ ಕಳೆದಂತೆ ಓಟ ಹೆಚ್ಚುತ್ತದೆ, ನಡಿಗೆ ಕಡಿಮೆಯಾಗುತ್ತದೆ. ಒಂಬತ್ತನೇ ವಾರಕ್ಕೆ ಅರ್ಧ ಗಂಟೆ ನಿಲ್ಲದೆ ಓಟ. ಒಂದು ವಾರ ಕಷ್ಟವಾದರೆ ಅದೇ ವಾರವನ್ನು ಮತ್ತೊಮ್ಮೆ ಮಾಡಬಹುದು, ಫೇಲ್ ಮಾಡುವವರು ಯಾರೂ ಇಲ್ಲ. ಯಜಮಾನರಿಗೆ ಮೇಷ್ಟ್ರು ಅದರ ಹಿಂದೆ ಎರಡು ವಾರ ಬರೀ ನಡಿಗೆಯನ್ನು ಸೇರಿಸಿದರು.

ವೇಗ ಎಷ್ಟು? ಅದಕ್ಕೆ ಯಂತ್ರ ಬೇಡ. ಓಡುತ್ತಾ ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. "ಇವತ್ತು ಟೊಮೆಟೊ ರೇಟ್ ಎಷ್ಟು" ಅಂತ ಕೇಳುವಷ್ಟರಲ್ಲಿ ಏದುಸಿರು ಬಂದರೆ ವೇಗ ಜಾಸ್ತಿ ಎಂದರ್ಥ.

*ಮುದುಕರ ಹಿಂದೆ ಬಿದ್ದ ಕೋಚ್*

ಸಾಮಾನ್ಯ ಜನ ಆರೋಗ್ಯಕ್ಕೆಂದು ನಿಧಾನ ಓಡುವುದಕ್ಕೆ ಬಹಳ ಹಳೆಯ ಚರಿತ್ರೆಯೇನಿಲ್ಲ. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡ್ ಶೂ ಕಾರ್ಖಾನೆಯಲ್ಲಿ ದುಡಿದವರು. ಇವರ ಶಿಷ್ಯರಾದ ಪೀಟರ್ ಸ್ನೆಲ್ ಮತ್ತು ಮರ್ರೆ ಹಾಲ್ಬರ್ಗ್ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಅದೇ ಲಿಡಿಯಾರ್ಡ್ ಆಮೇಲೆ ಆಕ್ಲೆಂಡಿನಲ್ಲಿ ಹೊಟ್ಟೆ ಬಂದ ಗೃಹಸ್ಥರನ್ನು, ಹೃದಯದ ತೊಂದರೆ ಇದ್ದವರನ್ನು ಸೇರಿಸಿ ಮೆಲ್ಲಗೆ ಓಡಿಸಿದರು. 1962ರ ಕೊನೆಗೆ ಅಮೆರಿಕದ ಓರೆಗಾನ್ ವಿಶ್ವವಿದ್ಯಾನಿಲಯದ ಕೋಚ್ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದರು. ಈತನಿಗೆ ಆಗ ಐವತ್ತು ದಾಟಿತ್ತು. ಚಾಂಪಿಯನ್ನರನ್ನು ತಯಾರು ಮಾಡುವ ಈ ಮಹಾಶಯ ಗುಂಪಿನ ಜೊತೆ ಓಡಲಾರದೆ ಹಿಂದೆ ಬಿದ್ದರು. ಪಕ್ಕದಲ್ಲಿ ಜೊತೆ ಕೊಟ್ಟದ್ದು ಎಪ್ಪತ್ತು ದಾಟಿದ, ಹೃದಯಾಘಾತ ಕಂಡಿದ್ದ ಒಬ್ಬ ಮುದುಕ! ಊರಿಗೆ ಮರಳಿ ಅಲ್ಲಿಯವರಿಗೂ ಅದೇ ಕಲಿಸಿ, 1967ರಲ್ಲಿ ಪುಸ್ತಕವನ್ನೂ ತಂದರು. ಮುಂದೆ ನೈಕಿ ಆದ ಶೂ ಕಂಪನಿಯ ಪಾಲುದಾರರೂ ಇವರೇ. ವ್ಯಾಪಾರ ಎಲ್ಲಿಂದ ಹುಟ್ಟುತ್ತದೆ ನೋಡಿ.

*ಎದೆಯ ಭಯ*

ಆದರೆ ಸಂತೆಪೇಟೆಯಲ್ಲಿ ಮಾತು ನಿಲ್ಲುವುದು ಶೂ ಬಳಿ ಅಲ್ಲ, ಎದೆ ಬಳಿ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ಹೋದಾಗ, "ಅಷ್ಟು ಕಸರತ್ತು ಮಾಡೋರೇ ಹೋದ್ರು, ನಮ್ಗ್ಯಾಕೆ" ಎಂದು ವಾಕಿಂಗ್ ಬಿಟ್ಟವರಿದ್ದಾರೆ. 2025ರ ಜೂನ್, ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದ ಸಾಲು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಹಾಸನದಲ್ಲಿ ಹೃದಯಾಘಾತದ ಸಾವು ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಸತ್ತವರಲ್ಲಿ ಆಟೋ, ಕ್ಯಾಬ್ ಚಾಲಕರು ಗಣನೀಯವಾಗಿದ್ದುದೂ ಆಗ ಬೆಳಕಿಗೆ ಬಂತು. ದಿನವಿಡೀ ಕೂತು ದುಡಿಯುವವರು. ಗಲ್ಲಾದ ಹಿಂದೆ ಕೂರುವುದೂ ಕೂರುವುದೇ ಅಲ್ಲವೇ?

ಓಡಿದವರಿಗೆ ಏನೂ ಆಗುವುದಿಲ್ಲ ಎಂದು ಯಾರೂ ಬರೆದುಕೊಡುವಂತಿಲ್ಲ. ಅಮೆರಿಕದ ಜಿಮ್ ಫಿಕ್ಸ್ ದಿನಕ್ಕೆ ಎರಡು ಪ್ಯಾಕು ಸಿಗರೇಟು ಸೇದುತ್ತಿದ್ದವರು, 35ಕ್ಕೆ ಓಟ ಹಿಡಿದರು. 1977ರಲ್ಲಿ ಅವರ ಓಟದ ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. 1984ರ ಜುಲೈನಲ್ಲಿ ಓಡಲು ಹೋದವರು ರಸ್ತೆ ಪಕ್ಕದಲ್ಲೇ ತೀರಿಕೊಂಡರು, 52 ವಯಸ್ಸು. ಹೃದಯದ ರಕ್ತನಾಳಗಳು ಕಟ್ಟಿಕೊಂಡಿದ್ದವು. ಅವರ ತಂದೆ ಹೃದಯದ ಕಾಯಿಲೆಯಿಂದಲೇ 43ಕ್ಕೆ ಹೋಗಿದ್ದರು.

ಹಾಗಾಗಿ ನಲವತ್ತು ದಾಟಿದವರು, ಬೀಪಿ, ಸಕ್ಕರೆ ಇರುವವರು, ಸೇದುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಎದೆನೋವಿನಿಂದ ಹೋದವರಿದ್ದರೆ ಅವರು, ಶೂ ಕೊಳ್ಳುವ ಮೊದಲು ಡಾಕ್ಟರನ್ನು ನೋಡುವುದು ಲೇಸು. ಓಡುವಾಗ ಎದೆ ಹಿಡಿದಂತಾದರೆ, ತೋಳಿಗೋ ದವಡೆಗೋ ನೋವು ಹರಿದರೆ, ತಲೆ ಸುತ್ತಿ ತಣ್ಣನೆ ಬೆವರಿದರೆ "ಗ್ಯಾಸು" ಎಂದು ಸೋಡಾ ಕುಡಿಯಬಾರದು. ನಿಂತು, ಆಸ್ಪತ್ರೆಗೆ ಹೋಗಬೇಕು. ಸಕ್ಕರೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರ ಜೇಬಿನಲ್ಲಿ ಒಂದು ತುಂಡು ಬೆಲ್ಲ ಇರಲಿ, ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುವುದುಂಟು. ಯಜಮಾನರು ಇಸಿಜಿ ಮಾಡಿಸಿದರು, ಡಾಕ್ಟರ ಒಪ್ಪಿಗೆ ಪಡೆದೇ ಶುರುಮಾಡಿದರು.

ಉಳಿದವು ಸಣ್ಣಪುಟ್ಟ ಕಷ್ಟ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಡಬಾರದು, ನಿಂತುಬಿಡಬೇಕು. ಅದಕ್ಕೇ ಮೈದಾನ ವಾಸಿ. ಇನ್ನು ಮೈಸೂರಿನ ದೊಡ್ಡ ಶತ್ರು ಮೈದಾನದ ಹೊರಗಿದೆ, ಬಿಸಿ ಇಡ್ಲಿ ವಡೆಯ ವಾಸನೆ. 20 ನಿಮಿಷ ಓಡಿ ಎರಡು ವಡೆ, ಒಂದು ಕೇಸರಿಬಾತ್ ಇಳಿಸಿದರೆ ಡಾಕ್ಟರ ಲೆಕ್ಕ ಎಲ್ಲಿ ಬಂತು?

ಯಜಮಾನರು ಈಗ ಐದನೇ ವಾರದಲ್ಲಿದ್ದಾರೆ. ಇದರಲ್ಲಿ ಮೂರನೇ ವಾರವನ್ನು ಎರಡು ಸಲ ಮಾಡಿದ್ದಾರೆ. ತೂಕ ಇಳಿದಿರುವುದು ಎರಡೇ ಕಿಲೋ. "ತೂಕ ಬಿಡಿ ಸ್ವಾಮಿ, ಮೇಲಿನ ಗೋಡೌನ್‌ಗೆ ಮೆಟ್ಲು ಹತ್ತಿದ್ರೆ ಏದುಸಿರು ಬರ್ತಿಲ್ಲ. ಹುಡುಗನ್ನ ಕಳಿಸ್ತಿದ್ದೆ, ಈಗ ನಾನೇ ಹೋಗ್ತೀನಿ" ಎನ್ನುತ್ತಾರೆ. ಇದರಿಂದ ಅಂಗಡಿ ಹುಡುಗನಿಗೂ ಸಂತೋಷವೇ.

ಅವರನ್ನು ನೋಡಿ ಮೈದಾನಕ್ಕೆ ಬರುವ ಆಸೆ ಹುಟ್ಟಿರುವುದು ಅಂಗಡಿಗೆ ಬರುವ ಒಬ್ಬ ಸರ್ಕಾರಿ ಬಸ್ ಡ್ರೈವರಿಗೆ. ಇಪ್ಪತ್ತೆರಡು ವರ್ಷ ಸ್ಟೇರಿಂಗ್ ಹಿಡಿದವರು, ಬೀಪಿ ಮಾತ್ರೆ ನಡೆಯುತ್ತಿದೆ. "ನಮ್ದು ನೈಟ್ ಹಾಲ್ಟ್ ಡ್ಯೂಟಿ, ಟೈಮ್ ಎಲ್ಲಿ ಯಜಮಾನ್ರೇ?" ಎಂದು ರಾಗ ಎಳೆದರು. "ವಾರಕ್ಕೆ ಮೂರು ಅರ್ಧ ಗಂಟೆ ಕಣ್ರೀ. ಮೊದ್ಲು ಡಾಕ್ಟ್ರಿಗೆ ತೋರ್ಸಿ, ಗುರುವಾರ ಬನ್ನಿ" ಎಂದರು ಯಜಮಾನರು.

ಗುರುವಾರ ಡ್ರೈವರು ಬರಲಿಲ್ಲ. ಶನಿವಾರ ಬಂದರು, ಚಪ್ಪಲಿಯಲ್ಲೇ. ಮೇಷ್ಟ್ರು ಕೆಳಗೆ ನೋಡಿ, ಮೇಲೆ ನೋಡಿ, "ಪರವಾಗಿಲ್ಲ, ಎರಡು ವಾರ ನಡೆಯೋದೇ ಅಲ್ವಾ" ಎಂದು ಮುಂದೆ ಹೊರಟರು.