ಹಳೆಯ ಕಾರಿಗೆ ಒಳ್ಳೆಯ ಬಿಡಿಭಾಗ

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕಾಡಿನ ಅಂಚಿಗೆ, ಮದ್ದೂರು ಇದೆ. ಅಲ್ಲಿಂದ ಮುಂದೆ ಮೂಲೆಹೊಳೆಯವರೆಗೆ ರಸ್ತೆಯು ಬಂಡೀಪುರದ ಅರಣ್ಯದೊಳಗೆ ಸಾಗುತ್ತದೆ. ೨೦೦೯ರಿಂದ ಈ ದಾರಿಯಲ್ಲಿ ರಾತ್ರಿ ಒಂಬತ್ತರಿಂದ ಬೆಳಗಿನ ಆರು ಗಂಟೆಯವರೆಗೆ ಸಾಮಾನ್ಯ ವಾಹನಗಳ ಸಂಚಾರಕ್ಕೆ ನಿಷೇಧವುಂಟು. ಹಗಲಿನಲ್ಲಿಯೂ ನಡುಗಾಡಿನಲ್ಲಿ ವಾಹನವನ್ನು ನಿಲ್ಲಿಸಕೂಡದು. ಇನ್ನೂ ಮುಂದಕ್ಕೆ ಹೋದರೆ, ವಯನಾಡಿನಿಂದ ಕೆಳಗಿಳಿಯುವ ತಾಮರಶ್ಶೇರಿ ಘಟ್ಟದ ಒಂಬತ್ತು ಕಡಿದಾದ ತಿರುವುಗಳು ಎದುರಾಗುತ್ತವೆ. ಇಂಥ ದಾರಿಯಲ್ಲಿ ಒಂದು ರಬ್ಬರ್ ನಳಿಗೆ ಬಿರಿದರೆ ಆನೆಗಳ ಹಾದಿಯಲ್ಲಿ ನಿಲ್ಲಬೇಕಾದೀತು. ಒಂದು ವಾಷರು ಸೋತರೆ ಘಟ್ಟದ ತಿರುವಿನಲ್ಲಿ ಪ್ರಾಣಕ್ಕೇ ಸಂಚಕಾರ ಬಂದೀತು.

ಮದ್ದೂರಿನ ಒಂದು ಕೊಟ್ಟಿಗೆಯಲ್ಲಿ ೧೯೬೮ನೆಯ ಇಸವಿಯ ಅಂಬಾಸಡರ್ ಕಾರೊಂದು ಇಪ್ಪತ್ತು ವರ್ಷಗಳಿಂದ ನಿಂತಿದೆ ಎಂದು ಭಾವಿಸೋಣ. ತಾತ ಕೊಂಡ ಕಾರು. ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಕಾಲೇಜಿನಲ್ಲಿ ಓದುತ್ತಿರುವ ಮೊಮ್ಮಗನ ಆಸೆ. ಕೆಲಸಬಲ್ಲ ಮೆಕ್ಯಾನಿಕ್ ಸಿಕ್ಕಾನು, ಹಣವೂ ಒದಗೀತು. ಬೇಕಾದ ಬಿಡಿಭಾಗಗಳನ್ನು ಎಲ್ಲಿಂದ ತರಬೇಕು, ತಂದದ್ದು ಒಳ್ಳೆಯದೋ ಅಲ್ಲವೋ ಎಂದು ತಿಳಿಯುವ ಬಗೆ ಹೇಗೆ? ಈ ಪ್ರಶ್ನೆಗೆ ಉತ್ತರವು ಅಂಗಡಿಯವನ ಮಾತಿಗಿಂತ ಹೆಚ್ಚಾಗಿ ಭೌತವಿಜ್ಞಾನದ ಪ್ರಾಥಮಿಕ ತತ್ತ್ವಗಳಲ್ಲಿದೆ.

ಕಾರ್ಖಾನೆ ಮುಚ್ಚಿದ ಮೇಲೆ

ಅಂಬಾಸಡರ್ ಕಾರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯಿಂದ ಹುಟ್ಟಿದುದು. ೧೯೪೨ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೋಟಾರ್ಸ್ ಸಂಸ್ಥೆಯು ಬಂಗಾಳದ ಉತ್ತರಪಾಡಾದಲ್ಲಿ ಇದನ್ನು ೧೯೫೦ರ ದಶಕದ ಕೊನೆಯಿಂದ ತಯಾರಿಸುತ್ತಿದ್ದಿತು. ೨೦೧೪ರ ಮೇ ತಿಂಗಳಲ್ಲಿ ಆ ತಯಾರಿಕೆ ನಿಂತುಹೋಯಿತು. ನಮ್ಮ ಮೈಸೂರಿನಲ್ಲಿಯೂ ಇಂಥದೇ ಸಂಗತಿ ನಡೆದಿದೆ. ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲುಗಳನ್ನು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ ೧೯೯೬ರಲ್ಲಿ ಮುಚ್ಚಿತು. ಆದರೆ ಅದರ ಗಾಡಿಗಳು ಇಂದಿಗೂ ಓಡುತ್ತಿವೆ. ಕಾರ್ಖಾನೆಗಿಂತ ಗಾಡಿಯೇ ದೀರ್ಘಾಯುಷಿಯಾದಾಗ ಬಿಡಿಭಾಗಗಳನ್ನು ಹುಡುಕುವುದು ಒಂದು ಪ್ರತ್ಯೇಕ ವಿದ್ಯೆಯೇ ಆಗುತ್ತದೆ.

ಬಿಡಿಭಾಗಗಳು ಸಿಕ್ಕುವ ಮೂಲಗಳು ಮೂರು. ಮೊದಲನೆಯದು, ಕಾರ್ಖಾನೆಯ ಕಾಲದಲ್ಲಿಯೇ ತಯಾರಾಗಿ, ಮಾರಾಟವಾಗದೆ ಅಂಗಡಿಯ ಅಟ್ಟದಲ್ಲಿ ಉಳಿದ ಹಳೆಯ ದಾಸ್ತಾನು. ಎರಡನೆಯದು, ಗುಜರಿಗೆ ಹೋದ ಕಾರುಗಳಿಂದ ಬಿಚ್ಚಿದ ಭಾಗಗಳು. ಮೂರನೆಯದು, ಇಂದು ಸಣ್ಣ ಕಾರ್ಖಾನೆಗಳಲ್ಲಿ ಹಳೆಯ ಮಾದರಿಯನ್ನು ನೋಡಿ ಹೊಸದಾಗಿ ಮಾಡುವ ಭಾಗಗಳು. ಬೆಂಗಳೂರಿನ ಜೆ. ಸಿ. ರಸ್ತೆಯ ಅಂಗಡಿಗಳಲ್ಲಿಯೂ ಶಿವಾಜಿನಗರದ ಗುಜರಿಯಲ್ಲಿಯೂ ಹುಡುಕಾಟವನ್ನು ಆರಂಭಿಸಬಹುದು. ಚೆನ್ನೈನ ಪುದುಪೇಟೆ, ದೆಹಲಿಯ ಕಾಶ್ಮೀರಿ ಗೇಟು ಮತ್ತು ಕೊಲ್ಕತ್ತದ ಮಲ್ಲಿಕ್ ಬಜಾರುಗಳೂ ಈ ವ್ಯಾಪಾರಕ್ಕೆ ಹೆಸರಾಗಿವೆ. ಕೊಲ್ಕತ್ತದ ಟ್ಯಾಕ್ಸಿಗಳು ಬಹುಕಾಲ ಅಂಬಾಸಡರುಗಳೇ ಆಗಿದ್ದುದರಿಂದ ಅಲ್ಲಿನ ಬಜಾರನ್ನು ಮರೆಯಲಾಗದು.

ಈ ಮೂರು ಮೂಲಗಳಲ್ಲಿ ಯಾವುದು ಮೇಲು? ‘ಕಾರ್ಖಾನೆಯ ಹಳೆಯ ಮಾಲೇ ಮೇಲು’ ಎಂದು ಹಲವರು ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ನಿಜ. ಭಾಗವು ಯಾವ ದ್ರವ್ಯದಿಂದ ಆಗಿದೆ ಎಂಬುದನ್ನು ಕೇಳದೆ ಈ ಪ್ರಶ್ನೆಗೆ ಉತ್ತರ ಹೇಳುವಂತಿಲ್ಲ.

ಲೋಹದ ಮುಪ್ಪು, ರಬ್ಬರಿನ ಮುಪ್ಪು

ಉಕ್ಕಿನಲ್ಲಿ ಪರಮಾಣುಗಳು ಸ್ಫಟಿಕಗಳಾಗಿ ಶ್ರೇಣಿಗಟ್ಟಿ ನಿಂತಿರುತ್ತವೆ. ನೀರು ಮತ್ತು ಆಮ್ಲಜನಕ ತಾಕದಂತೆ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿಟ್ಟ ಗಿಯರಿನ ಚಕ್ರವು ಐವತ್ತು ವರ್ಷಗಳ ನಂತರವೂ ಮೊದಲಿನಂತೆಯೇ ಇರುತ್ತದೆ. ತೇವ ತಾಕಿದರೆ ಮಾತು ಬೇರೆ. ಕಬ್ಬಿಣವು ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗಿಂತಲೂ ಹೆಚ್ಚಾಗುತ್ತದೆ. ನಿಂತ ಕಾರಿನ ಬ್ರೇಕುಗಳು ಹಿಡಿದುಕೊಂಡಿರುವುದಕ್ಕೂ ಪಿಸ್ಟನ್ನುಗಳು ಸಿಲಿಂಡರಿನಲ್ಲಿ ಕಚ್ಚಿಕೊಂಡಿರುವುದಕ್ಕೂ ಈ ಉಬ್ಬುವಿಕೆ ಒಂದು ಮುಖ್ಯ ಕಾರಣ. ಆದುದರಿಂದಲೇ ಬಹುಕಾಲ ನಿಂತ ಎಂಜಿನನ್ನು ಒಮ್ಮೆಲೇ ಬ್ಯಾಟರಿಯಿಂದ ತಿರುಗಿಸಬಾರದು. ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು.

ರಬ್ಬರಿನ ರಚನೆಯೇ ಬೇರೆ. ಅದರಲ್ಲಿ ಉದ್ದವಾದ ಅಣುಗಳು ದಾರದ ಎಳೆಗಳಂತೆ ಸುತ್ತಿಕೊಂಡಿರುತ್ತವೆ. ಗಂಧಕವು ಅಲ್ಲಲ್ಲಿ ಅವುಗಳ ನಡುವೆ ಗಂಟು ಹಾಕಿರುತ್ತದೆ. ಗಾಳಿಯ ಆಮ್ಲಜನಕ ಮತ್ತು ಓಜೋನುಗಳು ಈ ಎಳೆಗಳನ್ನು ಕ್ರಮೇಣ ಕಡಿಯುತ್ತವೆ. ಬೇಡದೆಡೆಯಲ್ಲಿ ಹೊಸ ಗಂಟುಗಳೂ ಬೀಳುತ್ತವೆ. ರಬ್ಬರು ಗಡುಸಾಗಿ ಬಿರಿಯುವುದು ಹೀಗೆ. ಈ ಕ್ರಿಯೆಗೆ ಕಾರು ಓಡಬೇಕೆಂಬ ನಿಯಮವಿಲ್ಲ. ಅಂಗಡಿಯ ಅಟ್ಟದಲ್ಲಿಯೂ ಅದು ನಡೆಯುತ್ತಲೇ ಇರುತ್ತದೆ. ೧೯೮೫ರಲ್ಲಿ ತಯಾರಾಗಿ, ಮೊಹರು ಒಡೆಯದ ಪೆಟ್ಟಿಗೆಯಲ್ಲಿರುವ ಬ್ರೇಕಿನ ವಾಷರು ನೋಟಕ್ಕೆ ಹೊಸದು, ನಿಜದಲ್ಲಿ ಮುದುಕ.

ಇದರಿಂದ ಸುಲಭವಾದ ಒಂದು ನಿಯಮ ದೊರೆಯುತ್ತದೆ: ಲೋಹದ ಭಾಗ ಹಳೆಯ ದಾಸ್ತಾನಿನದಾದರೆ ಒಳ್ಳೆಯದು, ರಬ್ಬರಿನ ಭಾಗ ಇತ್ತೀಚಿನದೇ ಆಗಿರಬೇಕು. ಟೈರುಗಳಲ್ಲಿ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ೨೦೦೦ದಿಂದ ಈಚಿನ ಟೈರುಗಳ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ೨೩೧೯ ಎಂದಿದ್ದರೆ ೨೦೧೯ನೆಯ ಇಸವಿಯ ೨೩ನೆಯ ವಾರದಲ್ಲಿ ತಯಾರಾದುದೆಂದು ಅರ್ಥ. ಮೂರೇ ಅಂಕಿಗಳಿದ್ದರೆ ಅದು ಕಳೆದ ಶತಮಾನದ ಟೈರು. ಪಟ್ಟೆಗಳು ಎಷ್ಟೇ ಆಳವಾಗಿದ್ದರೂ ಅದನ್ನು ರಸ್ತೆಗೆ ಇಳಿಸಬಾರದು.

ಪೆಟ್ರೋಲು ಹರಿಯುವ ನಳಿಗೆಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಈ ಕಾರು ಹುಟ್ಟಿದಾಗ ಇದ್ದ ಪೆಟ್ರೋಲು ಇಂದು ಇಲ್ಲ. ೨೦೦೦ದ ಫೆಬ್ರವರಿಯಿಂದ ದೇಶದಲ್ಲಿ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ೨೦೨೩ರ ಫೆಬ್ರವರಿಯಲ್ಲಿ ಶೇಕಡ ೨೦ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ೨೦೨೫ರಲ್ಲಿ ದೇಶವು ಆ ಪ್ರಮಾಣವನ್ನು ಮುಟ್ಟಿತು. ಎಥನಾಲ್ ಹಲವು ಬಗೆಯ ಹಳೆಯ ರಬ್ಬರುಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತದೆ. ಗಾಳಿಯ ತೇವವನ್ನೂ ಹೀರಿ ಟ್ಯಾಂಕಿಗೆ ತರುತ್ತದೆ. ಆದುದರಿಂದ ಎಥನಾಲನ್ನು ತಾಳುವ ನಳಿಗೆಯನ್ನೇ ಕೇಳಿ ಪಡೆಯಬೇಕು. ಸಂದೇಹವಿದ್ದರೆ ನಳಿಗೆಯ ಒಂದು ತುಂಡನ್ನು ಮುಚ್ಚಳವುಳ್ಳ ಗಾಜಿನ ಸೀಸೆಯಲ್ಲಿ ಇಂದಿನ ಪೆಟ್ರೋಲಿನೊಳಗೆ ಒಂದು ವಾರ ಮುಳುಗಿಸಿಡಿ. ಅಷ್ಟೇ ಉದ್ದದ ಇನ್ನೊಂದು ತುಂಡನ್ನು ಹೊರಗಿಡಿ. ಬಳಿಕ ಎರಡನ್ನೂ ಅಳೆದು, ಬಾಗಿಸಿ ಹೋಲಿಸಿ. ಈ ಪ್ರಯೋಗವನ್ನು ಬೆಂಕಿಯಿಂದ ದೂರದಲ್ಲಿ, ಗಾಳಿಯಾಡುವ ಕಡೆ, ಹಿರಿಯರ ಎದುರಿನಲ್ಲಿ ಮಾಡತಕ್ಕದ್ದು.

ಅಯಸ್ಕಾಂತ, ತಕ್ಕಡಿ, ಸುತ್ತಿಗೆ

ಲೋಹದ ಭಾಗಗಳನ್ನು ಪರೀಕ್ಷಿಸಲು ಶಾಲೆಯ ಪ್ರಯೋಗಶಾಲೆಯ ಸಾಮಗ್ರಿಗಳೇ ಬಹುಮಟ್ಟಿಗೆ ಸಾಕು. ಹಿತ್ತಾಳೆಯದೆಂದು ಮಾರುವ ಬುಷ್ ಅಯಸ್ಕಾಂತಕ್ಕೆ ಅಂಟಿಕೊಂಡರೆ ಒಳಗೆ ಕಬ್ಬಿಣವಿದೆಯೆಂದು ತಿಳಿಯಿರಿ. ಅಂಟದಿದ್ದರೆ ಆರ್ಕಿಮಿಡೀಸನ ಉಪಾಯವನ್ನು ಬಳಸಬಹುದು. ಬುಷ್ಷಿನ ತೂಕ ೮೫ ಗ್ರಾಂ ಇದ್ದು, ಅಳತೆಯ ಜಾಡಿಯಲ್ಲಿ ಅದು ೧೦ ಘನ ಸೆಂಟಿಮೀಟರು ನೀರನ್ನು ಮೇಲೇರಿಸಿದರೆ ಸಾಂದ್ರತೆ ೮.೫, ಇದು ಹಿತ್ತಾಳೆಗೆ ಒಪ್ಪುತ್ತದೆ. ಅದೇ ತೂಕದ ಬುಷ್ ೧೨.೫ ಘನ ಸೆಂಟಿಮೀಟರು ಏರಿಸಿದರೆ ಸಾಂದ್ರತೆ ೬.೮ ಮಾತ್ರ, ಹಿತ್ತಾಳೆಯ ಬಣ್ಣದ ಕೆಳಗೆ ಸತುವಿನ ಮಿಶ್ರಲೋಹ ಇರಬಹುದು.

ಗುಜರಿಯಿಂದ ತಂದ ಎರಕದ ಬ್ರೇಕ್ ಡ್ರಮ್ಮನ್ನು ಹಗ್ಗದಲ್ಲಿ ತೂಗುಹಾಕಿ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ. ಇಡಿಯಾದ ಡ್ರಮ್ಮು ಗಂಟೆಯಂತೆ ಅನುರಣಿಸುತ್ತದೆ. ಬಿರುಕಿದ್ದರೆ ಒಡಕುದನಿ ಬರುತ್ತದೆ. ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುವುದೇ ಇದಕ್ಕೆ ಕಾರಣ. ಹಿಂದಿನವರು ರೈಲುಗಾಡಿಯ ಗಾಲಿಗಳನ್ನು ತಟ್ಟಿ ಪರೀಕ್ಷಿಸುತ್ತಿದ್ದುದೂ ಹೀಗೆಯೇ. ಆದರೆ ಈ ಪರೀಕ್ಷೆ ಎಲ್ಲದಕ್ಕೂ ಸಾಲದು. ಲಕ್ಷಾಂತರ ಬಾರಿ ಬಾಗಿದ ಸ್ಪ್ರಿಂಗು, ತಿರುಚಿದ ದಂಡ ಇವುಗಳಲ್ಲಿ ಆಯಾಸದ ಬಿರುಕು ಅತಿಸೂಕ್ಷ್ಮವಾಗಿರಬಹುದು. ಸ್ಟಿಯರಿಂಗಿಗೂ ಚಕ್ರಗಳಿಗೂ ಸಂಬಂಧಿಸಿದ ಉಕ್ಕಿನ ಭಾಗಗಳನ್ನು ಗುಜರಿಯಿಂದ ಕೊಳ್ಳದಿರುವುದೇ ಜಾಣತನ.

ಅಂಗುಲವೋ ಮಿಲಿಮೀಟರೋ?

ನಮ್ಮ ದೇಶದಲ್ಲಿ ಮೆಟ್ರಿಕ್ ಪದ್ಧತಿಯ ಕಾಯಿದೆ ಬಂದದ್ದು ೧೯೫೬ರಲ್ಲಿ. ೧೯೫೮ರಿಂದ ಅದು ಹಂತಹಂತವಾಗಿ ಬಳಕೆಗೆ ಬಂದಿತು. ಅಂಬಾಸಡರ್ ಹುಟ್ಟಿದ್ದೂ ಸರಿಸುಮಾರು ಅದೇ ಕಾಲದಲ್ಲಿ. ಆದರೆ ಅದರ ಎಂಜಿನ್ನಿನ ತಿರುಪುಗಳು ಇಂಗ್ಲೆಂಡಿನ ಅಂಗುಲದ ಲೆಕ್ಕದವು. ಇಂದಿನ ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವುದು ಮಿಲಿಮೀಟರಿನ ತಿರುಪು. ಎರಡೂ ಕಣ್ಣಿಗೆ ಒಂದೇ! ೫/೧೬ ಅಂಗುಲದ ಬೋಲ್ಟಿನ ವ್ಯಾಸ ೭.೯೪ ಮಿಲಿಮೀಟರು, ಹೊಸ ಬೋಲ್ಟಿನದು ೮ ಮಿಲಿಮೀಟರು. ಮೊದಲನೆಯದರಲ್ಲಿ ಅಂಗುಲಕ್ಕೆ ೨೪ ಸುತ್ತುಗಳಿರುವುದರಿಂದ ಸುತ್ತಿನಿಂದ ಸುತ್ತಿಗೆ ೧.೦೬ ಮಿಲಿಮೀಟರು ಅಂತರ. ಎರಡನೆಯದರಲ್ಲಿ ಸಾಮಾನ್ಯವಾಗಿ ೧.೨೫. ಐದು ಸುತ್ತುಗಳಲ್ಲಿ ಇವುಗಳ ವ್ಯತ್ಯಾಸ ಸುಮಾರು ೧ ಮಿಲಿಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಇಡೀ ಸುತ್ತು. ಬಲವಂತವಾಗಿ ತಿರುಗಿಸಿದರೆ ಹಲ್ಲುಗಳು ಕಿತ್ತು, ಸಿಕ್ಕದ ಎರಕದ ಭಾಗವೇ ಹಾಳಾಗುತ್ತದೆ. ಆದಕಾರಣ ಹಳೆಯ ಬೋಲ್ಟನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕು.

ಪಿಸ್ಟನ್ ರಿಂಗಿನ ಉದಾಹರಣೆಯನ್ನೂ ನೋಡೋಣ. ಈ ಎಂಜಿನ್ನಿನ ಸಿಲಿಂಡರಿನ ವ್ಯಾಸ ೭೩.೦೨೫ ಮಿಲಿಮೀಟರು, ಪಿಸ್ಟನ್ನಿನ ಓಟ ೮೮.೯ ಮಿಲಿಮೀಟರು. ನಾಲ್ಕು ಸಿಲಿಂಡರುಗಳ ಒಟ್ಟು ಗಾತ್ರ ೧೪೮೯ ಘನ ಸೆಂಟಿಮೀಟರು ಎಂದು ನೀವೇ ಲೆಕ್ಕ ಹಾಕಿ ನೋಡಬಹುದು. ರಿಂಗಿನ ಸುತ್ತಳತೆ ಸುಮಾರು ೨೨೯ ಮಿಲಿಮೀಟರು. ಸಿಲಿಂಡರಿನ ಗೋಡೆಗಿಂತ ಅದು ೧೦೦ ಡಿಗ್ರಿ ಹೆಚ್ಚು ಬಿಸಿಯಾದರೆ, ಎರಕದ ಕಬ್ಬಿಣದ ಹಿಗ್ಗುವಿಕೆಯ ಲೆಕ್ಕದಂತೆ ಕಾಲು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ರಿಂಗಿನ ತುದಿಗಳ ನಡುವೆ ಅಷ್ಟು ಸಂದು ಬಿಡುವುದು ಇದಕ್ಕಾಗಿಯೇ. ಸಂದಿಲ್ಲದ ರಿಂಗು ತಣ್ಣಗಿದ್ದಾಗ ಸೊಗಸಾಗಿ ಕೂಡುತ್ತದೆ; ಬಿಸಿಯಾದೊಡನೆ ತುದಿಗಳು ಒತ್ತಿಕೊಂಡು ಸಿಲಿಂಡರನ್ನು ಗೀಚಿಬಿಡುತ್ತದೆ. ಸಂದು ತೀರ ಹೆಚ್ಚಾದರೂ ಅನಿಲ ಸೋರಿ ಶಕ್ತಿ ಕುಗ್ಗುತ್ತದೆ. ಕೊಂಡ ರಿಂಗನ್ನು ಸಿಲಿಂಡರಿನೊಳಗೆ ನೇರವಾಗಿ ಕೂಡಿಸಿ, ಸಂದನ್ನು ಫೀಲರ್ ಗೇಜಿನಿಂದ ಅಳೆಯಬೇಕು.

ಬ್ರೇಕಿನ ಲೆಕ್ಕ

ಎಲ್ಲಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕಾದುದು ಬ್ರೇಕಿನಲ್ಲಿ. ಜನರೊಡನೆ ಕಾರಿನ ತೂಕ ೧,೪೦೦ ಕಿಲೋಗ್ರಾಂ ಎಂದಿಟ್ಟುಕೊಳ್ಳಿ. ಘಟ್ಟದಲ್ಲಿ ಅದು ೫೦೦ ಮೀಟರು ಇಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ೬೮ ಲಕ್ಷ ಜೂಲ್. ಎರಡೂವರೆ ಲೀಟರು ತಣ್ಣೀರನ್ನು ಕುದಿಸಿ ಪೂರ್ತಿಯಾಗಿ ಆವಿ ಮಾಡಲು ಇಷ್ಟು ಶಾಖ ಸಾಕು. ಇದರ ಒಂದು ಪಾಲನ್ನು ಎಂಜಿನ್ನೂ ಗಾಳಿಯೂ ತೆಗೆದುಕೊಳ್ಳುತ್ತವೆ. ಉಳಿದುದೆಲ್ಲ ಬ್ರೇಕಿನ ಡ್ರಮ್ಮುಗಳಿಗೆ ಸೇರುತ್ತದೆ.

ಕಾಲಿನ ಒತ್ತಡವನ್ನು ಚಕ್ರಗಳಿಗೆ ಮುಟ್ಟಿಸುವುದು ಪಾಸ್ಕಲನ ನಿಯಮದಂತೆ ವರ್ತಿಸುವ ಬ್ರೇಕಿನ ದ್ರವ. ಡಾಟ್ ೩ ಎಂಬ ದರ್ಜೆಯ ಹೊಸ ದ್ರವವು ೨೦೫ ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ಇದು ತೇವವನ್ನು ಹೀರುವ ದ್ರವ. ಶೇಕಡ ೩.೭ರಷ್ಟು ನೀರು ಸೇರಿದಾಗ ೧೪೦ ಡಿಗ್ರಿಯವರೆಗೆ ತಾಳಿದರೂ ಆ ದರ್ಜೆಗೆ ಅದು ಸಲ್ಲುತ್ತದೆ. ಇಪ್ಪತ್ತು ವರ್ಷ ನಿಂತ ಕಾರಿನ ದ್ರವದಲ್ಲಿ ನೀರು ಎಷ್ಟು ಸೇರಿರಬಹುದೆಂದು ಊಹಿಸಿ! ಅದು ಕುದಿದರೆ ನಳಿಗೆಗಳಲ್ಲಿ ಆವಿ ತುಂಬುತ್ತದೆ. ದ್ರವವನ್ನು ಅಮುಕಲಾಗದು, ಆವಿಯನ್ನು ಅಮುಕಬಹುದು. ಹಾಗಾಗಿ ಪೆಡಲು ನೆಲ ಮುಟ್ಟಿದರೂ ಗಾಡಿ ನಿಲ್ಲದು. ಆದುದರಿಂದ ದ್ರವ, ವಾಷರುಗಳು, ರಬ್ಬರ್ ನಳಿಗೆಗಳು ಎಲ್ಲವನ್ನೂ ಹೊಸದಾಗಿಯೇ ಹಾಕಬೇಕು. ಉಕ್ಕಿನ ಕೊಳವೆಗಳಲ್ಲಿ ತುಕ್ಕು ಕಂಡರೆ ಅವನ್ನೂ ಬದಲಾಯಿಸಬೇಕು. ಬ್ರೇಕಿನ ವಾಷರುಗಳಿಗೆ ಎಂಜಿನ್ ಎಣ್ಣೆಯನ್ನು ಸವರಬಾರದು. ಆ ಜಾತಿಯ ರಬ್ಬರು ಖನಿಜ ತೈಲದಲ್ಲಿ ಉಬ್ಬಿಹೋಗುತ್ತದೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವುಂಟು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಡ್ರಮ್ಮಿನ ಧೂಳನ್ನು ಎಂದಿಗೂ ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಲೈನಿಂಗಿನ ಹಳೆಯ ದಾಸ್ತಾನು ಬಿಟ್ಟಿಯಾಗಿ ಸಿಕ್ಕರೂ ಬೇಡ.

ಕಾಯಿದೆಯ ಮಾತು

೨೦೨೧ರಲ್ಲಿ ಕೇಂದ್ರ ಸರ್ಕಾರವು ಐವತ್ತು ವರ್ಷ ದಾಟಿದ ವಾಹನಗಳಿಗಾಗಿ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ತಂದಿತು. ಆ ವರ್ಗಕ್ಕೆ ಸೇರಬೇಕಾದರೆ ವಾಹನವು ಮೂಲ ರೂಪದಲ್ಲಿಯೇ ಇರಬೇಕು. ಚಾಸಿ, ಒಡಲು, ಎಂಜಿನ್ನುಗಳನ್ನು ಮಾರ್ಪಡಿಸಿರಬಾರದು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ್‍ಯಾಲಿ, ಸಂಶೋಧನೆ ಮುಂತಾದವುಗಳಿಗಲ್ಲದೆ ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಮೂಲದ ಎಂಜಿನ್ನನ್ನು ಕಿತ್ತು ಬೇರೊಂದನ್ನು ಕೂಡಿಸುವ ಸುಲಭದ ದಾರಿ ಹಿಡಿದವರಿಗೆ ಈ ಅವಕಾಶ ತಪ್ಪುತ್ತದೆ. ಸರಿಯಾದ ಬಿಡಿಭಾಗವನ್ನು ತಾಳ್ಮೆಯಿಂದ ಹುಡುಕುವುದಕ್ಕೆ ಇದೂ ಒಂದು ಕಾರಣ.

ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಹೊಳಪನ್ನು ಕಂಡು ಬೆರಗಾಗುತ್ತಾರೆ. ಹೊಳಪು ಬಣ್ಣದ ಕೆಲಸ. ಓಡುವ ಕಾರಿನ ಯೋಗ್ಯತೆ ಇರುವುದು ಕಣ್ಣಿಗೆ ಬೀಳದ ರಿಂಗು, ವಾಷರು, ಬೋಲ್ಟುಗಳಲ್ಲಿ. ನಿಮ್ಮ ಊರಿನ ಕೊಟ್ಟಿಗೆಯಲ್ಲಿಯೂ ಇಂಥ ಕಾರೊಂದು ಇದ್ದರೆ, ಹಣದ ಚೀಲವನ್ನು ಬಿಚ್ಚುವ ಮೊದಲು ಒಂದು ನೋಟುಪುಸ್ತಕವನ್ನು ತೆರೆಯಿರಿ. ಬೇಕಾದ ಪ್ರತಿಯೊಂದು ಭಾಗದ ಹೆಸರು, ದ್ರವ್ಯ, ಅಳತೆ, ಮೇಲಿರುವ ಸಂಖ್ಯೆ ಇವುಗಳನ್ನು ಬರೆದುಕೊಳ್ಳಿ. ಒಂದು ಕ್ಯಾಲಿಪರು, ಒಂದು ಅಯಸ್ಕಾಂತ, ಒಂದು ತಕ್ಕಡಿಯನ್ನು ಜೊತೆಗಿಟ್ಟುಕೊಂಡು ಬಜಾರಿಗೆ ಹೊರಡಿ. ಪರೀಕ್ಷೆಗೆಂದು ಕಲಿತ ಭೌತವಿಜ್ಞಾನ ಅಲ್ಲಿ ನಿಮ್ಮ ಹಣವನ್ನು ಉಳಿಸೀತು. ಘಟ್ಟದ ತಿರುವಿನಲ್ಲಿ ಅದಕ್ಕಿಂತ ಬೆಲೆಯುಳ್ಳದ್ದನ್ನೂ ಕಾಪಾಡೀತು.